ಕೋಟೆಯ ಬಂಡೆ ಕೆಳಗೆ ಆಲಿಕೆಯಂಥ ಪುಟ್ಟ ಗುಳಿಗಳು: ತೋಡುವುದು ಯಾರು?

ಚಿತ್ರದುರ್ಗದ ಕೋಟೆಯಲ್ಲಿ ಬಂಡೆಯಡಿಯ ಒಣ ಮಣ್ಣಿನಲ್ಲಿ ಕಾಣುವ ಆಲಿಕೆಯಂಥ ಪುಟ್ಟ ಗುಳಿಗಳು ಇರುವೆ ಸಿಂಹ ಎಂಬ ಕೀಟದ ಮರಿ ತೋಡಿದವು. ಅದು ಮನೆಯಲ್ಲ, ಇರುವೆ ಹಿಡಿಯುವ ಬಲೆ.

ಮರಿ ಹಿಂದಕ್ಕೆ ಸುತ್ತುತ್ತಾ ತಲೆಯಿಂದ ಮಣ್ಣು ಎರಚಿ ಗುಳಿ ಮಾಡುತ್ತದೆ. ಆಮೇಲೆ ತಳದಲ್ಲಿ ಹೂತುಕೊಂಡು ಕಾಯುತ್ತದೆ. ಗುಟ್ಟು ಇರುವುದು ಗುಳಿಯ ಇಳಿಜಾರಿನಲ್ಲಿ. ಮೆಕ್ಕೆಜೋಳದ ರಾಶಿ ಹತ್ತಿ ನೋಡಿದ್ದೀರಾ? ಕಾಲಿಟ್ಟ ಕಡೆಯೆಲ್ಲ ಕಾಳು ಜಾರುತ್ತವೆ ಅಲ್ವಾ, ಇಲ್ಲೂ ಹಾಗೇ. ಒಣ ಮಣ್ಣು ಎಷ್ಟು ಕಡಿದಾಗಿ ನಿಲ್ಲಬಲ್ಲದೋ ಅಷ್ಟು ಕಡಿದಾಗಿ ಗುಳಿ ಇರುತ್ತದೆ. ಇರುವೆಯ ಭಾರಕ್ಕೇ ಅಂಚು ಕುಸಿಯುತ್ತದೆ. ಅದು ಮೇಲೆ ಹತ್ತಲು ನೋಡಿದರೆ ಮರಿ ಕೆಳಗಿನಿಂದ ಮಣ್ಣು ಎರಚಿ ಇನ್ನಷ್ಟು ಜಾರಿಸುತ್ತದೆ. ಇಕ್ಕಳದಂಥ ದವಡೆಯಲ್ಲಿ ಹಿಡಿದು, ರಸ ಹೀರಿ, ಒಣ ಸಿಪ್ಪೆಯನ್ನು ಹೊರಗೆ ಎಸೆಯುತ್ತದೆ.

ಬಂಡೆಯಡಿಯಲ್ಲೇ ಯಾಕೆ ಜಾಸ್ತಿ? ಒದ್ದೆ ಮಣ್ಣು ಜಾರುವುದಿಲ್ಲ, ಮಳೆ ಬಿದ್ದರೆ ಗುಳಿಯೇ ಉಳಿಯುವುದಿಲ್ಲ. ಬಂಡೆಯಡಿಯಲ್ಲಾದರೆ ಮಳೆ ತಾಗದೆ ಮಣ್ಣು ಒಣಗೇ ಇರುತ್ತದೆ. ಹಳೇ ಮನೆಗಳ ಸೂರಿನ ಕೆಳಗೂ ಸಿಗುತ್ತವೆ.

ನೋಡಬೇಕೆಂದರೆ ಗುಳಿಯ ತಳದ ಮಣ್ಣನ್ನು ಮೆಲ್ಲಗೆ ಅಂಗೈಗೆ ಎತ್ತಿಕೊಳ್ಳಿ. ಉಬ್ಬಿದ ಹೊಟ್ಟೆಯ, ಮಣ್ಣಿನ ಬಣ್ಣದ ಹುಳು ಹಿಂದಕ್ಕೇ ನಡೆಯುತ್ತದೆ. ನನಗೆ ಈಗಲೂ ಅದು ಬೆರಗು. ನೋಡಿದ ಮೇಲೆ ಅಲ್ಲೇ ಬಿಟ್ಟುಬಿಡಿ. ಇದು ಮಣ್ಣಲ್ಲೇ ರೇಷ್ಮೆ ಎಳೆಯ ಗೂಡು ಕಟ್ಟಿ, ರೆಕ್ಕೆ ಬಂದು ಹೊರಡುತ್ತದೆ. ಆಗ ಏರೋಪ್ಲೇನ್ ಚಿಟ್ಟೆಯಂತೆ ಕಾಣುತ್ತದೆ, ಆದರೆ ಮೀಸೆ ಉದ್ದ, ತುದಿ ದಪ್ಪ. ಹಾರುವುದು ಹೆಚ್ಚಾಗಿ ರಾತ್ರಿ.