ಕ್ಯಾಂಟರ್‌ನಲ್ಲಿ (ನಾಗಾಲೋಟಕ್ಕಿಂತ ನಿಧಾನದ ಓಟ) ನನ್ನ ಕುದುರೆ ಗದ್ದವನ್ನು ಎದೆಗೆ ಒತ್ತಿಕೊಂಡು ಜೋರಾಗಿ ನುಗ್ಗುತ್ತದೆ. ಹೇಗೆ ಹಿಡಿಯಲಿ?

ಮೊದಲು ಲಗಾಮು ಎಳೆಯುವುದನ್ನು ಬಿಡಿ. ಕಷ್ಟ, ಗೊತ್ತು. ಐನೂರು ಕಿಲೋ ಪ್ರಾಣಿ ಕೆಳಗೆ ಓಡುತ್ತಿರುವಾಗ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಆದರೆ ಎಳೆದಷ್ಟೂ ಅದು ಕಡಿವಾಣದಿಂದ ತಪ್ಪಿಸಿಕೊಳ್ಳಲು ಕತ್ತನ್ನು ಇನ್ನಷ್ಟು ಮಡಿಸುತ್ತದೆ. ನೋಡೋಕೆ ಚೆಂದವೇ, ಆದರೆ ಮೋಸ. ಮೂಗು, ಹಣೆಯಿಂದ ನೆಲಕ್ಕೆ ಎಳೆದ ನೇರ ಗೆರೆಗಿಂತ ಸ್ವಲ್ಪ ಮುಂದೆ ಇರಬೇಕು. ಒಳಗೆ ಸರಿದರೆ ಮುಂದಿನ ದಾರಿಯೂ ಅದಕ್ಕೆ ಸರಿಯಾಗಿ ಕಾಣುವುದಿಲ್ಲ.

ವೇಗ ತಡೆಯಬೇಕಾದ್ದು ಸೊಂಟದಿಂದ. ನೆಟ್ಟಗೆ ಕೂತು, ಹೊಟ್ಟೆ ಬಿಗಿ ಮಾಡಿ, ಕುದುರೆಯ ಜೊತೆ ತೂಗುವುದನ್ನು ಒಂದು ಹೆಜ್ಜೆಯಷ್ಟು ನಿಧಾನಿಸಿ. ಅದೇ ಹೊತ್ತಿಗೆ ಹೊರಗಿನ (ಸುತ್ತಿನ ಹೊರಬದಿಯ) ಲಗಾಮನ್ನು ಒದ್ದೆ ಸ್ಪಂಜು ಹಿಂಡುವ ಹಾಗೆ ಹಿಡಿದು ತಕ್ಷಣ ಸಡಿಲಿಸಿ. ಸಡಿಲಿಸುವುದೇ ಇಲ್ಲಿ ಮುಖ್ಯ. ಹಿಡಿದೇ ಇದ್ದರೆ ಅದು ನಿಮ್ಮ ಕೈಗೆ ಒರಗಿಕೊಂಡು ಓಡುತ್ತದೆ, ಪುಕ್ಕಟೆ ಐದನೇ ಕಾಲು ಸಿಕ್ಕ ಹಾಗೆ! ತಲೆ ಒಳಗೆ ಹೋದಾಗ ಕೈಯನ್ನು ಒಂದಿಂಚು ಮೇಲಕ್ಕೆತ್ತಿ, ಹಿಂದಕ್ಕಲ್ಲ. ಜೊತೆಗೆ ಕಾಲಿನಿಂದ ಮೆಲ್ಲಗೆ ಮುಂದಕ್ಕೆ ಕಳಿಸಿ. ಜೋರು ಕುದುರೆಗೆ ಕಾಲು ಒತ್ತೋಕೆ ಭಯ ಅಲ್ವಾ? ಆದರೆ ಹಿಂಗಾಲು ಹೊಟ್ಟೆಯಡಿ ಬಾರದೆ ಮುಂಭಾಗ ಮೇಲೇಳುವುದಿಲ್ಲ.

20 ಮೀಟರ್ ಸುತ್ತಿನಲ್ಲಿ ಆರೆಂಟು ಹೆಜ್ಜೆ ಕ್ಯಾಂಟರ್, ಮತ್ತೆ ಟ್ರಾಟ್ (ಅದಕ್ಕಿಂತ ನಿಧಾನದ ಓಟ), ಮತ್ತೆ ಕ್ಯಾಂಟರ್. ನುಗ್ಗೋಕೆ ಶುರು ಮಾಡುವ ಮೊದಲೇ ಟ್ರಾಟ್‌ಗೆ ಇಳಿಸಿಬಿಡಿ. ನಡುವೆ ಒಳಗಿನ ಕೈ ಮುಂದೆ ಚಾಚಿ ಕತ್ತು ಸವರಿ. ಕತ್ತು ಉದ್ದವಾಯಿತೇ? ಸರಿಯಾಗಿದೆ.

ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಸುಮ್ನೆ ಸವಾರಿಯನ್ನೇ ದೂರಬೇಡಿ. ಹಲ್ಲು, ಕಡಿವಾಣದ ಅಳತೆ, ಜೀನು ಒತ್ತುತ್ತಿದೆಯೇ ಎಂದು ಪಶುವೈದ್ಯರಿಗೆ ತೋರಿಸಿ.