ಪುಸ್ತಕ ನೋಡಿಕೊಂಡೇ ಜಪಾನಿನ ಕತ್ತಿವರಸೆ ಕಲಿಯಬಹುದಾ?

ನಿಮ್ಮ ಊರಲ್ಲಿ ಇಯಾಯ್ದೋ, ಅಂದರೆ ಒರೆಯಿಂದ ಕತ್ತಿ ಸೆಳೆದು ಬೀಸುವ ಜಪಾನಿನ ವಿದ್ಯೆ, ಕಲಿಸುವವರಿಲ್ಲ, ಎರಡು ಪುಸ್ತಕ ತರಿಸಿಕೊಂಡಿದ್ದೀರಿ. ಅಷ್ಟರಿಂದಲೇ ಕಲಿಯಬಹುದಾ, ಯಾವ ಕತ್ತಿ ಕೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಹಾಗೇ ಶುರು ಮಾಡಿದವನು. ಶಿವಮೊಗ್ಗದ ಮನೆಯ ತಾರಸಿಯಲ್ಲಿ, ಹಾಳೆ ಹಾರದಂತೆ ಪುಸ್ತಕದ ಮೇಲೆ ಇಟ್ಟಿಗೆ ಇಟ್ಟು, ಒಂದೂವರೆ ವರ್ಷ ಅಭ್ಯಾಸ ಮಾಡಿದೆ. ಆಮೇಲೆ ಕೆಲಸಕ್ಕೆಂದು ಜಪಾನಿಗೆ ಬಂದು ದೋಜೋ ಅನ್ನುವ ಅಭ್ಯಾಸಶಾಲೆ ಸೇರಿದೆ.

ಮೊದಲ ದಿನ ಸೆನ್ಸೇ, ಅಂದರೆ ಗುರುಗಳ ಮುಂದೆ 'ಮಾಎ' ಮಾಡಿ ತೋರಿಸಿದೆ. ಅಖಿಲ ಜಪಾನ್ ಕೆಂದೋ ಒಕ್ಕೂಟ ಗೊತ್ತುಮಾಡಿರುವ 12 ಕಾತಾಗಳಲ್ಲಿ, ಅಂದರೆ ಕ್ರಮ ಗೊತ್ತುಮಾಡಿದ ವರಸೆಗಳಲ್ಲಿ, ಇದೇ ಮೊದಲನೆಯದು. ಮಂಡಿಯೂರಿ ಕೂತಲ್ಲಿಂದಲೇ ಕತ್ತಿ ಸೆಳೆದು ಎದುರು ಕೂತವನ ಕಣತಲೆಗೆ ಅಡ್ಡ ಬೀಸಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದು ಏಟು. ರಕ್ತ ಕೊಡವಿದ ಹಾಗೆ ಮಾಡಿ ಕತ್ತಿಯನ್ನು ಮತ್ತೆ ಒರೆಗೆ ಸೇರಿಸಬೇಕು. ನಾನು ಫೋಟೋದಲ್ಲಿದ್ದ ಹಾಗೆಯೇ ಮಾಡಿದ್ದೆ. ಅವರು ಏನೂ ಅನ್ನಲಿಲ್ಲ. ನನ್ನ ಎಡ ಮೊಣಕೈಗೆ ಎರಡು ಬೆರಳು ಹಚ್ಚಿ ಮೆಲ್ಲಗೆ ಹಿಂದಕ್ಕೆ ಎಳೆದರು. ಒರೆ ಹಿಂದೆ ಸರಿಯಿತು, ಕತ್ತಿಯ ತುದಿ ಸಲೀಸಾಗಿ ಹೊರಗೆ ಬಂತು.

ಒಂದೂವರೆ ವರ್ಷ ನಾನು ಬಲಗೈಯಿಂದ ಕತ್ತಿ ಎಳೆಯುತ್ತಿದ್ದೆ. ಅರ್ಧ ಕೆಲಸ ಎಡಗೈಯದ್ದು. ಅದಕ್ಕೆ ಸಾಯಾಬಿಕಿ ಅಂತ ಹೆಸರು. ನನ್ನ ಪುಸ್ತಕದಲ್ಲೂ ಆ ಪದ ಇತ್ತು, ಓದಿಯೂ ಇದ್ದೆ. ಆದರೆ ಫೋಟೋದಲ್ಲಿ ಕಣ್ಣು ಹೋಗುವುದು ಕತ್ತಿಯ ಕಡೆಗೇ ಅಲ್ವಾ? ಒರೆಯನ್ನು ಎಷ್ಟು ಎಳೆಯಬೇಕು, ಯಾವ ಕ್ಷಣದಲ್ಲಿ ತಿರುಗಿಸಬೇಕು ಅನ್ನುವುದು ಎರಡು ಫೋಟೋಗಳ ನಡುವೆ ಕಳೆದುಹೋಗುತ್ತದೆ.

ಹಳೆಯ ಕಾಲದವರಿಗೂ ಇದು ಗೊತ್ತಿತ್ತು. ಪಂಥಗಳಲ್ಲಿ ಶಿಷ್ಯನಿಗೆ ಕೊಡುತ್ತಿದ್ದ ಮೊಕುರೊಕು ಎಂಬ ಸುರುಳಿಯಲ್ಲಿ ಹೆಚ್ಚಾಗಿ ವರಸೆಗಳ ಹೆಸರಷ್ಟೇ ಇರುತ್ತಿತ್ತು. ಕಲಿತವನಿಗೆ ಅದು ನೆನಪಿನ ಚೀಟಿ, ಕಲಿಯದವನಿಗೆ ಬರೀ ಹೆಸರು. ಉಳಿದದ್ದು ಕುದೆನ್, ಅಂದರೆ ಗುರು ಬಾಯಲ್ಲೇ ಹೇಳಿಕೊಡುವುದು. ಹೆಸರಾಂತ ಕತ್ತಿವೀರ ಮಿಯಾಮೊತೊ ಮುಸಾಶಿ 1645ರಲ್ಲಿ ಮುಗಿಸಿದ 'ಗೊರಿನ್ ನೊ ಶೊ' ಪುಸ್ತಕದಲ್ಲಿ ಹಿಡಿತವನ್ನು ಬೆರಳು ಬೆರಳಾಗಿ ಹೇಳಿದ್ದಾನೆ: ಹೆಬ್ಬೆರಳು, ತೋರುಬೆರಳು ಹಗುರವಾಗಿ ತೇಲುತ್ತಿರಲಿ, ನಡುಬೆರಳು ಬಿಗಿಯೂ ಬೇಡ ಸಡಿಲವೂ ಬೇಡ, ಉಂಗುರದ ಬೆರಳು ಮತ್ತು ಕಿರುಬೆರಳು ಬಿಗಿಯಾಗಿರಲಿ. ಇಷ್ಟು ಬಿಡಿಸಿ ಹೇಳಿದವನೇ, ಬರೆದದ್ದನ್ನು ನೋಡಿದ ಮಾತ್ರಕ್ಕೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ ಅಂತಲೂ ಹೇಳುತ್ತಾನೆ.

ಹಾಗಂತ ಪುಸ್ತಕ ಮುಚ್ಚಿಡಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಾತಾಗಳ ಹೆಸರು, ಕ್ರಮ, ಕತ್ತಿಗೆ ವಂದಿಸುವ ರೀತಿ ಎಲ್ಲ ನನಗೆ ಮೊದಲೇ ಗೊತ್ತಿತ್ತು. ಅದರಿಂದ ತುಂಬಾ ಸಹಾಯ ಆಯಿತು. ಈಗಲೂ ದೋಜೋದಿಂದ ಬಂದ ರಾತ್ರಿ ಅದೇ ಪುಸ್ತಕ ತೆಗೆದು, ಅವತ್ತು ತಿದ್ದಿದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬಿಳಿ ಓಕ್ ಮರದ ಬೊಕ್ಕೆನ್, ಅಂದರೆ ಮರದ ಕತ್ತಿ, ಒಂದನ್ನೇ ಕೊಳ್ಳುತ್ತಿದ್ದೆ, ಸುಮಾರು 102 ಸೆಂಟಿಮೀಟರಿನದು. ದಿನಾ ಐವತ್ತು ಸುಬುರಿ, ಅಂದರೆ ಗಾಳಿಯಲ್ಲಿ ಬೀಸುವ ಅಭ್ಯಾಸ, ಸಾಕು, ಮುಸಾಶಿ ಹೇಳಿದ ಹಿಡಿತದಲ್ಲಿ. ಭುಜ ನೋಯುತ್ತಿದ್ದರೆ ಸೌದೆ ಒಡೆದ ಹಾಗೆ ಬೀಸುತ್ತಿದ್ದೀರಿ ಅಂತ ಅರ್ಥ, ನಿಲ್ಲಿಸಿ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ವರ್ಷಕ್ಕೆ ಒಂದು ವಾರವಾದರೂ ರಜೆ ಹಾಕಿ, ಎಲ್ಲೇ ಆಗಲಿ, ಕಲಿಸುವವರ ಹತ್ತಿರ ಹೋಗಿ ಬನ್ನಿ.

ಹರಿತವಾದ ಕತ್ತಿ ಮಾತ್ರ ದಯವಿಟ್ಟು ಬೇಡ. ಕತ್ತಿಯನ್ನು ಒರೆಗೆ ಸೇರಿಸುವಾಗ ಒರೆಯ ಬಾಯಿ ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಇರುತ್ತದೆ. ಅಲಗು ಅಲ್ಲೇ ಜಾರಿಕೊಂಡು ಹೋಗುತ್ತದೆ. ಪುಸ್ತಕ ನೋಡಿ ಕಲಿತ ಕೈಗೆ ಅದು ತೀರಾ ಅಪಾಯ. ಗೋಡೆಗೆ ತೂಗುಹಾಕುವ ಅಲಂಕಾರದ ಕತ್ತಿಯನ್ನೂ ಬೀಸಬೇಡಿ. ಎಷ್ಟೋ ಕತ್ತಿಗಳಲ್ಲಿ ಹಿಡಿಯೊಳಗಿನ ಲೋಹ ತೆಳುವಾಗಿರುತ್ತದೆ, ಮುರಿದರೆ ಅಲಗೇ ಹಾರಿಹೋಗುತ್ತದೆ. ಮುಂದೆ ಗುರು ಸಿಕ್ಕಮೇಲೆ ಅವರನ್ನೇ ಕೇಳಿ, ಇಯಾಯ್ತೋ ಅನ್ನುವ ಹರಿತವಿಲ್ಲದ ಅಭ್ಯಾಸದ ಕತ್ತಿ ತೆಗೆದುಕೊಳ್ಳಿ. ಅದರ ಹಿಡಿಯಲ್ಲಿ ಮೆಕುಗಿ ಅನ್ನುವ ಪುಟ್ಟ ಬಿದಿರಿನ ಗೂಟ ಇರುತ್ತದೆ. ಅಲಗು ನಿಂತಿರುವುದೇ ಅದರ ಮೇಲೆ. ಪ್ರತಿ ಸಲ ಕತ್ತಿ ಸೆಳೆಯುವ ಮೊದಲು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.