ಎಬ್ಬಿಸಬೇಕಾದವರನ್ನು ಮಾತ್ರ ಎಬ್ಬಿಸುವುದು

ಪ್ರಶ್ನೆ: ಬಾಗಿಲು ತೆರೆದರೆ ತಿಳಿಸುವ ವೈರ್‌ಲೆಸ್ ಸೆನ್ಸರ್ ಒಂದು ಬಟನ್ ಸೆಲ್‌ನಲ್ಲೇ ವರ್ಷಗಟ್ಟಲೆ ನಡೆಯುತ್ತದೆ. ಅದರ ಜೊತೆಗಿರುವ ಸೈರನ್ ಒಂದು ಸಲವೂ ಕೂಗಿಲ್ಲ, ಆದರೂ ಅದರ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಸುಮ್ನೆ ಕೂತಿರುವುದಕ್ಕೆ ಅಷ್ಟು ಕರೆಂಟ್ ಯಾಕೆ ಬೇಕು?

ಉತ್ತರ: ಸೈರನ್ ಸುಮ್ನೆ ಕೂತಿಲ್ಲ, ಕಿವಿ ತೆರೆದುಕೊಂಡು ಕೂತಿದೆ. ಬಾಗಿಲ ಸೆನ್ಸರ್‌ಗೆ ಹೇಳುವುದೇನಾದರೂ ಇದ್ದಾಗ ಮಾತ್ರ ಅದು ರೇಡಿಯೋ ಆನ್ ಮಾಡುತ್ತದೆ. ಉಳಿದ ಹೊತ್ತು ಪೂರ್ತಿ ಆಫ್. ಸೈರನ್‌ಗೆ ಆ ಸುಖವಿಲ್ಲ. ಅದಕ್ಕೆ ಕರೆ ಯಾವ ಗಳಿಗೆಯಲ್ಲಾದರೂ ಬರಬಹುದು.

ಇಂಥ ಬೋರ್ಡ್‌ಗಳನ್ನು ಮಾಡುವುದೇ ನನ್ನ ಕೆಲಸ. ಹೊಸಬರು ಬಂದಾಗ ನಾನು ಮೊದಲು ಮೀಟರ್ ಹಚ್ಚಿ ಇದನ್ನೇ ತೋರಿಸುತ್ತೇನೆ: ಚಿಕ್ಕ ರೇಡಿಯೋಗಳಲ್ಲಿ ಕೇಳುವ ಖರ್ಚು ಮಾತಾಡುವ ಖರ್ಚಿಗೆ ಹೆಚ್ಚೂಕಡಿಮೆ ಸಮ. ರಿಸೀವರ್‌ಗೆ 10 ಮಿಲಿಆಂಪಿಯರ್ ಬೇಕು ಅಂದುಕೊಳ್ಳಿ. ಸಿಆರ್2032 ಬಟನ್ ಸೆಲ್‌ನಲ್ಲಿ ಸುಮಾರು 225 ಮಿಲಿಆಂಪಿಯರ್-ಅವರ್ ಇರುತ್ತದೆ. ಸದಾ ಕೇಳುತ್ತಿದ್ದರೆ ಕಾಗದದ ಮೇಲಿನ ಲೆಕ್ಕದಲ್ಲೇ ಇಪ್ಪತ್ತೆರಡೂವರೆ ಗಂಟೆಗೆ ಮುಗಿಯಿತು. ನಿಜದಲ್ಲಿ ಇನ್ನೂ ಕಡಿಮೆ, ಯಾಕೆಂದರೆ ಅಷ್ಟು ಕರೆಂಟನ್ನು ಒಂದೇ ಸಮನೆ ಎಳೆದರೆ ಆ ಸೆಲ್ ತಡೆಯುವುದಿಲ್ಲ.

ಅದಕ್ಕೇ ರಿಸೀವರ್ ಮಲಗುತ್ತದೆ, ಆಗಾಗ ಎದ್ದು ಇಣುಕುತ್ತದೆ. ಎರಡು ಸೆಕೆಂಡಿಗೊಮ್ಮೆ 5 ಮಿಲಿಸೆಕೆಂಡ್ ಎದ್ದರೆ ಸರಾಸರಿ ಖರ್ಚು 25 ಮೈಕ್ರೋಆಂಪಿಯರ್‌ಗೆ ಇಳಿಯುತ್ತದೆ. ಅದೇ ಸೆಲ್ ಈಗ ಒಂದು ವರ್ಷ ಬಂತು. ಹತ್ತು ಸೆಕೆಂಡಿಗೊಮ್ಮೆ ಎದ್ದರೆ ಇನ್ನೂ ಜಾಸ್ತಿ ಬರುತ್ತದೆ. ಆದರೆ ಕಳ್ಳ ಬಂದು ಹತ್ತು ಸೆಕೆಂಡ್ ಆದ ಮೇಲೆ ಕೂಗುವ ಸೈರನ್ ಯಾರಿಗೆ ಬೇಕು?

ಕರೆಯುವವರ ಕಷ್ಟವೂ ಇದೆ. ಆ ಕಡೆಯವರು ಯಾವಾಗ ಇಣುಕುತ್ತಾರೋ ಗೊತ್ತಿಲ್ಲದಿದ್ದರೆ ಪೂರ್ತಿ ಎರಡು ಸೆಕೆಂಡ್ ಸಿಗ್ನಲ್ ಕಳಿಸುತ್ತಲೇ ಇರಬೇಕು. 2004ರಲ್ಲಿ ಬಂದ ಬಿ-ಮ್ಯಾಕ್ ಪದ್ಧತಿ ಹೀಗೇ ಮಾಡುತ್ತಿತ್ತು. ಅದರಿಂದ ಕರೆ ಯಾರಿಗೆ ಅಂತ ತಿಳಿಯದೆ ಅಕ್ಕಪಕ್ಕದ ಸಾಧನಗಳೂ ಎದ್ದು ಕೂರುತ್ತಿದ್ದವು. 2006ರ ಎಕ್ಸ್-ಮ್ಯಾಕ್ ಆ ಉದ್ದದ ಸಿಗ್ನಲ್ಲನ್ನು ಚೂರು ಮಾಡಿ ಪ್ರತಿ ಚೂರಿಗೂ ವಿಳಾಸ ಅಂಟಿಸಿತು. ನನ್ನದಲ್ಲ ಅನ್ನುವವರು ಕೂಡಲೇ ಮಲಗಬಹುದು. ನನ್ನದೇ ಅನ್ನುವವನು ಮಧ್ಯದಲ್ಲೇ ಓಗೊಡಬಹುದು. ನನಗೆ ಇವತ್ತಿಗೂ ಇಷ್ಟವಾದ ಉಪಾಯ ಇದು.

ಮೊದಲೇ ಸಮಯ ಗೊತ್ತುಮಾಡಿಕೊಂಡರೆ ಆಗದೇ ಅಂತ ಕೇಳಬಹುದು. ಆಗುತ್ತದೆ. ಆದರೆ ಅಗ್ಗದ ಗಡಿಯಾರದ ಹರಳು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ಗಂಟೆಗೆ 72 ಮಿಲಿಸೆಕೆಂಡ್ ಆಚೀಚೆ ಆಗುತ್ತದೆ. ನಿದ್ದೆ ಉದ್ದವಾದಷ್ಟೂ ಮುಂಚೆಯೇ ಎದ್ದು ಕಾಯಬೇಕು.

ಇನ್ನೊಂದು ದಾರಿ ವೇಕ್-ಅಪ್ ರೇಡಿಯೋ. ನಿದ್ದೆಯಲ್ಲಿರುವ ಮನುಷ್ಯ ಸುತ್ತಲಿನ ಮಾತಿಗೆ ಏಳುವುದಿಲ್ಲ, ತನ್ನ ಹೆಸರು ಕರೆದರೆ ಏಳುತ್ತಾನೆ, ಅಲ್ವಾ? ಹಾಗೆ. ಮುಖ್ಯ ರೇಡಿಯೋ ಪೂರ್ತಿ ಮಲಗಿರುತ್ತದೆ. ಪಕ್ಕದಲ್ಲಿ ಒಂದು ಪುಟ್ಟ ರಿಸೀವರ್ ಮಾತ್ರ ಎಚ್ಚರ. ಅದಕ್ಕೆ ತಿಳಿಯುವ ಭಾಷೆ ಬಲು ಸರಳ: ಸಿಗ್ನಲ್ ಇದ್ದರೆ ಆನ್, ಇಲ್ಲದಿದ್ದರೆ ಆಫ್. ಇಷ್ಟೇ ಆದ್ದರಿಂದ ಕರೆಂಟ್ ತಿನ್ನುವ ಭಾಗಗಳನ್ನು ಕೈಬಿಡಬಹುದು. ವೈಫೈಗೆ ಇದೇ ಕೆಲಸಕ್ಕೆ 802.11ಬಿಎ ಎಂಬ ಮಾನದಂಡ 2021ರಲ್ಲಿ ಒಪ್ಪಿಗೆ ಪಡೆಯಿತು. ಒಂದು ಮಿಲಿವಾಟ್‌ಗಿಂತ ಕಡಿಮೆ ಖರ್ಚು ಅದರ ಗುರಿ. ವೇಗ ಸೆಕೆಂಡಿಗೆ 62.5 ಅಥವಾ 250 ಕಿಲೋಬಿಟ್. ಸಿಗ್ನಲ್‌ನ ಶುರುವಿನಲ್ಲಿ ಮಾಮೂಲಿ ವೈಫೈ ಗುರುತು ಇರುತ್ತದೆ. ಅದನ್ನು ಕೇಳಿ ಹಳೆಯ ಸಾಧನಗಳು ಅಡ್ಡ ಬರದೆ ಸುಮ್ಮನಿರುತ್ತವೆ.

ಆದರೆ ಈ ಪುಟ್ಟ ರಿಸೀವರ್‌ನ ಕಿವಿ ಮಂದ. 20 ಡೆಸಿಬೆಲ್ ಮಂದವಾದರೆ ಬಯಲಿನಲ್ಲಿ ಮುಟ್ಟುವ ದೂರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಚುರುಕು ಮಾಡಲು ಹೋದರೆ ಗದ್ದಲವನ್ನೇ ಕರೆ ಎಂದು ತಿಳಿದು ಎದ್ದುಬಿಡುತ್ತದೆ. ಜನ ಇದನ್ನು ಹಗುರವಾಗಿ ಕಾಣುತ್ತಾರೆ, ನನಗೆ ಬೇಸರ. ಲೆಕ್ಕ ನೋಡಿ. 10 ಮೈಕ್ರೋಆಂಪಿಯರ್‌ನ ವೇಕ್-ಅಪ್ ರಿಸೀವರ್ ದಿನವಿಡೀ ಎಚ್ಚರವಿದ್ದು ತಿನ್ನುವುದು 0.24 ಮಿಲಿಆಂಪಿಯರ್-ಅವರ್. ತಪ್ಪು ಕರೆಗೆ 10 ಮಿಲಿಆಂಪಿಯರ್ ಎಳೆಯುವ ಮುಖ್ಯ ರೇಡಿಯೋ ದಿನಕ್ಕೆ 100 ಸಲ, ಒಂದೊಂದು ಸೆಕೆಂಡ್ ಎದ್ದರೆ 0.28. ಅಂದರೆ ಸುಳ್ಳು ಎಚ್ಚರದ ಖರ್ಚೇ ಜಾಸ್ತಿ! ಯಾರಾದರೂ ತಮ್ಮ ಚಿಪ್ ಎಷ್ಟು ಕಡಿಮೆ ಕರೆಂಟ್ ತಿನ್ನುತ್ತದೆ ಎಂದು ಹೇಳಿದರೆ, ದಿನಕ್ಕೆ ಎಷ್ಟು ಸಲ ಸುಳ್ಳಾಗಿ ಏಳುತ್ತದೆ ಎಂದೂ ಕೇಳಿ.

ಪ್ರಶ್ನೆ: ಮೊಬೈಲ್ ನೆಟ್‌ವರ್ಕ್‌ನಲ್ಲೂ ಇದು ಇದೆಯೇ?

ಉತ್ತರ: ಇದೆ. ನಿಮ್ಮ ಫೋನ್ ಜೇಬಿನಲ್ಲಿ ಇದ್ದಾಗಲೂ ಗೊತ್ತಾದ ಹೊತ್ತಿಗೆ, ಉದಾಹರಣೆಗೆ 1.28 ಸೆಕೆಂಡಿಗೊಮ್ಮೆ, ಎದ್ದು ಟವರ್ ಕರೆದಿದೆಯಾ ಎಂದು ನೋಡುತ್ತದೆ. ನೀರಿನ ಮೀಟರ್‌ನಂಥ ಎನ್‌ಬಿ-ಐಒಟಿ (ಚಿಕ್ಕ ಸಾಧನಗಳಿಗೆಂದೇ ಇರುವ ಮೊಬೈಲ್ ಸಂಪರ್ಕ) ಸಾಧನ ಬೇಕಿದ್ದರೆ ಮೂರು ಗಂಟೆಯ ಹತ್ತಿರದವರೆಗೂ ಮಲಗಬಹುದು. ತೊಂದರೆ ಏನೆಂದರೆ, ಎದ್ದಾಗಲೆಲ್ಲ ಕರೆಯ ಸಂದೇಶವನ್ನು ಬಿಡಿಸಿ ಓದಬೇಕಿತ್ತು, ಮತ್ತು ಬಹಳ ಸಲ ಅಲ್ಲಿ ಏನೂ ಇರುತ್ತಿರಲಿಲ್ಲ. ಮೊಬೈಲ್ ಮಾನದಂಡಗಳನ್ನು ಬರೆಯುವ ತ್ರೀಜಿಪಿಪಿ ಸಂಸ್ಥೆ ಅವುಗಳ ರಿಲೀಸ್ 15 ಎಂಬ ಆವೃತ್ತಿಯಲ್ಲಿ ಅದಕ್ಕೆ ಮೊದಲು ಬರುವ ಒಂದು ಚಿಕ್ಕ ಸಿಗ್ನಲ್ ಸೇರಿಸಿತು. ಅದು ಕೇಳದಿದ್ದರೆ ಓದದೆಯೇ ಮಲಗಬಹುದು. ಒಂದೇ ಹೊತ್ತನ್ನು ಹಂಚಿಕೊಂಡ ಸಾಧನಗಳೆಲ್ಲ ಒಟ್ಟಿಗೆ ಏಳದಂತೆ ರಿಲೀಸ್ 16 ಅವುಗಳನ್ನು ಗುಂಪು ಮಾಡಿತು. ರಿಲೀಸ್ 17ರಲ್ಲಿ 5ಜಿ ಫೋನ್‌ಗಳಿಗೂ ಇಂಥ ಮುನ್ಸೂಚನೆ ಬಂತು. ಪ್ರತ್ಯೇಕ ಪುಟ್ಟ ರಿಸೀವರ್ ಇಡುವ ಬಗ್ಗೆ ರಿಲೀಸ್ 18ರಲ್ಲಿ ಅಧ್ಯಯನ ನಡೆಯಿತು.

ಪ್ರಶ್ನೆ: ಯಾರಾದರೂ ಬೇಕಂತಲೇ ಎಬ್ಬಿಸುತ್ತಾ ಇದ್ದರೆ?

ಉತ್ತರ: ಬ್ಯಾಟರಿ ಖಾಲಿಯಾಗುತ್ತದೆ. ನಿಜವಾದ ದಾಳಿಯೇ ಇದು. ಎಬ್ಬಿಸುವ ಸಿಗ್ನಲ್ ಪ್ರತಿ ಸಲ ಒಂದೇ ಆಗಿದ್ದರೆ ಒಮ್ಮೆ ಕದ್ದು ಕೇಳಿದವನು ಅದನ್ನೇ ಮತ್ತೆ ಮತ್ತೆ ಕಳಿಸಬಹುದು. ಪ್ರತಿ ಸಲ ಎದ್ದ ಮೇಲೆ ಮುಂದಿನ ಗುರುತನ್ನು ಎರಡೂ ಕಡೆಯವರು ಬದಲಿಸಿಕೊಳ್ಳುವುದು ಒಳ್ಳೆಯ ಪರಿಹಾರ. ಜೊತೆಗೆ, ಕೆಲಸವಿಲ್ಲದೆ ಬೆನ್ನುಬೆನ್ನಿಗೆ ಎದ್ದದ್ದು ಕಂಡರೆ ಸ್ವಲ್ಪ ಹೊತ್ತು ವೇಕ್-ಅಪ್ ರಿಸೀವರನ್ನು ನಂಬದೆ, ಹಳೆಯ ರೀತಿಯಲ್ಲಿ ಎರಡು ಸೆಕೆಂಡಿಗೊಮ್ಮೆ ಇಣುಕುವುದಕ್ಕೆ ಮರಳುವಂತೆ ಬರೆದಿಡಬೇಕು. ಸೈರನ್‌ನಂಥ ಸಾಧನಕ್ಕೆ ಇದನ್ನು ಬಿಡಲೇಬಾರದು.